ಕೊಲ್ಲಾಪುರಕ್ಕೆ ಹೋಗಿ ಗಾಡಿ ತಂದುದು

ಪಿಂಪ್ರಿ-ಚಿಂಚವಾಡದ ಕನ್ನಡಿಗರ ಮನೆಗಳಲ್ಲಿ ‘ರೊಟ್ಟಿಯವರು’ ಎಂದರೆ ನಮ್ಮನ್ನು ಗುರುತು ಹಿಡಿಯದವರು ಕಡಿಮೆ. ನಾವು ಏಳು ಮಂದಿ ಹೆಂಗಸರು. ವಿಜಾಪುರದ ಕಡೆಯವರು ನಾಲ್ವರು, ಧಾರವಾಡದವರು ಇಬ್ಬರು. ಉಳಿದ ಒಬ್ಬಾಕೆ ಶಿರಸಿಯವಳು. ರೊಟ್ಟಿ ಬಡಿಯುವುದನ್ನು ಇಲ್ಲಿಗೆ ಬಂದ ಮೇಲೆ ಕಲಿತು, ಈಗ ನಮಗೆಲ್ಲರಿಗಿಂತ ತೆಳ್ಳಗೆ ಬಡಿಯುತ್ತಾಳೆ. ಕೊಲ್ಲಾಪುರಕ್ಕೆ ಹೋದವರು ನಮ್ಮಲ್ಲಿ ಮೂವರೇ ಆದರೂ ಈ ಬರಹ ಏಳು ಮಂದಿಯದು. ಒಬ್ಬರು ಬರೆದುದನ್ನು ಇನ್ನೊಬ್ಬರು ಹೊಡೆದು ಹಾಕಿ, ಮೂರನೆಯವರು ಮತ್ತೆ ಸೇರಿಸಿ, ಕಡೆಗೆ ಹೀಗೆ ನಿಂತಿದೆ. ಓದುಗರು ಕ್ಷಮಿಸಬೇಕು.

2022ರ ದಸರೆಯ ಹೊತ್ತಿಗೆ ಒಂದು ಕಾರಖಾನೆಯ ಕ್ಯಾಂಟೀನಿನವರು ನಮ್ಮ ರೊಟ್ಟಿಯ ರುಚಿ ನೋಡಿ, ದಿನಕ್ಕೆ 1,800 ಚಪಾತಿ, 600 ರೊಟ್ಟಿ ಬೇಕೆಂದು ಕೇಳಿದರು. ಬೆಳಗಿನ ಹನ್ನೊಂದಕ್ಕೆ ಬಾಗಿಲಿಗೆ ಬರಬೇಕು. ಹನ್ನೊಂದೂ ಕಾಲಾದರೆ ತೆಗೆದುಕೊಳ್ಳುವುದಿಲ್ಲ. ಬಾಡಿಗೆಯ ಟೆಂಪೊ ಹಿಡಿದೆವು. ಡಿಸೆಂಬರಿನಲ್ಲಿ ಅದು ಎರಡು ಸಲ ಕೈಕೊಟ್ಟಿತು. ಎರಡನೆಯ ಸಲ ಆ ದಿನದ ರೊಟ್ಟಿಯೆಲ್ಲ ಮನೆಮನೆಗೆ ಹಂಚಿಹೋಯಿತು. ಹಿಟ್ಟಿನ ಹಣ, ಗ್ಯಾಸಿನ ಹಣ, ಏಳು ಜನರ ಕೂಲಿ ಎಲ್ಲವೂ ನೀರಿನಲ್ಲಿ ಹೋಮವಾಯಿತು. ಕ್ಯಾಂಟೀನಿನ ವ್ಯವಸ್ಥಾಪಕರು ಒಳ್ಳೆಯವರು. ಸಿಟ್ಟಾಗದೆ ಹೇಳಿದರು: ಫೆಬ್ರುವರಿ 1ರಿಂದ ಹೊಸ ಕರಾರು, ಅಷ್ಟರಲ್ಲಿ ನಿಮ್ಮದೇ ಗಾಡಿ ಇದ್ದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ.

ಗಾಡಿ ಬರಿಯ ರೊಟ್ಟಿಗಾಗಿ ಅಲ್ಲ. ನಮ್ಮ ಜೋಳ ಬರುವುದು ಮಂಗಳವೇಢೆಯಿಂದ. ಬಸವಣ್ಣನವರು ಬಿಜ್ಜಳನ ಆಶ್ರಯದಲ್ಲಿ ಮೊದಲು ಇದ್ದ ಊರೆಂದು ನಾವು ಕೇಳುತ್ತ ಬಂದ ಮಂಗಳವಾಡವೇ ಇದು. ಅಲ್ಲಿಯ ಕರಿಯ ಮಣ್ಣಿನ ಹಿಂಗಾರಿ ಜೋಳಕ್ಕೆ ಸಮನಾದ ಜೋಳ ನಮಗೆ ಇನ್ನೆಲ್ಲಿಯೂ ಸಿಕ್ಕಿಲ್ಲ. ವರ್ತಕರ ಕೈಯಿಂದ ಕೊಂಡರೆ ಕಿಲೋಗೆ ಎಂಟು ಹತ್ತು ರೂಪಾಯಿ ಹೆಚ್ಚು. ನಾವೇ ಹೋಗಿ 50 ಕಿಲೋದ 24 ಚೀಲ ಹೇರಿಕೊಂಡು ಬಂದರೆ ಒಂದು ಟನ್ನಿನ ಮೇಲೆ ಭಾರ. ‘ಛೋಟಾ ಹಾಥಿ’ ಎಂದು ಜನ ಕರೆಯುವ ಪುಟ್ಟ ಗಾಡಿ ಊರೊಳಗಿನ ಓಡಾಟಕ್ಕೆ ಜಾಣ. ಆದರೆ ಸವಾ ಟನ್ನು ಹೊತ್ತು ನೂರಾರು ಮೈಲಿ ಬಾ ಎಂದರೆ ಪಾಪ, ಅದು ಆನೆಯ ಮರಿಯೇ ಹೊರತು ಆನೆಯಲ್ಲ. ಆದುದರಿಂದ ಗಟ್ಟಿ ಚಾಸಿಯ, ಹಿಂದೆ ದಪ್ಪ ಪಟ್ಟಿಯ ಸ್ಪ್ರಿಂಗು ಇರುವ ಪಿಕಪ್ಪೇ ಆಗಬೇಕಿತ್ತು. ಹೊಸದು ರಸ್ತೆಗೆ ಇಳಿಯುವ ಹೊತ್ತಿಗೆ ಒಂಬತ್ತು ಲಕ್ಷ ದಾಟುತ್ತಿತ್ತು. ನಮ್ಮಲ್ಲಿ ಇದ್ದುದು ನಾಲ್ಕು ಲಕ್ಷ ಅರವತ್ತು ಸಾವಿರ.

ಆ ಹಣದ ಮಾತು ಹೇಳಲೇಬೇಕು. ಆರು ಜನ ಐವತ್ತು ಅರವತ್ತು ಸಾವಿರದಂತೆ ಕೂಡಿಸಿದ್ದೆವು. ಒಂದು ಲಕ್ಷ ಹತ್ತು ಸಾವಿರ ಮಾತ್ರ ಹಿರಿಯಕ್ಕನದು. ಆಕೆಯ ಯಜಮಾನರು 2020ರಲ್ಲಿ ತೀರಿಕೊಂಡಾಗ ಬಂದ ಭವಿಷ್ಯನಿಧಿಯಲ್ಲಿ, ಮಗಳ ಮದುವೆಯಾದ ಮೇಲೆ ಉಳಿದ ಗಂಟು. ಅದನ್ನು ಒಂದು ಹಳೆಯ ಮೋಟಾರಿಗೆ ಸುರಿಯುವುದೇ ಎಂದು ಆಕೆಯ ತಮ್ಮ ಊರಿನಿಂದ ಮೂರು ಸಲ ಫೋನು ಮಾಡಿದ. ಹಿರಿಯಕ್ಕ ಅವನಿಗೆ ಏನು ಹೇಳಿದಳೋ ತಿಳಿಯದು. ನಮಗೆ ಹೇಳಿದುದು ಇಷ್ಟೇ: ‘ನೋಡಿ ತಗೊಳ್ರಿ. ಆಮೇಲೆ ಅಳಬ್ಯಾಡ್ರಿ.’

ಮೊದಲ ಗಾಡಿ ನೋಡಿದುದು ನಮ್ಮ ಊರಿನ ಹತ್ತಿರವೇ, ಹೆದ್ದಾರಿಯ ಬದಿಯ ಒಂದು ಅಂಗಡಿಯಲ್ಲಿ. ಹಳೆಯ ಗಾಡಿಗಳ ಪೇಟೆಯೆಂದರೆ ಒಂದು ತರಹದ ಮದುವೆಯ ಛತ್ರ. ಎಲ್ಲವೂ ಮಿಂದು, ಬಳಿದುಕೊಂಡು, ಸಾಲಾಗಿ ನಿಂತಿರುತ್ತವೆ. ನಮಗೆ ತೋರಿಸಿದ ಬಿಳಿಯ ಪಿಕಪ್ಪಿನ ಮೇಲೆ ನೊಣ ಕೂತರೆ ಜಾರಬೇಕು, ಅಷ್ಟು ಹೊಳಪು. ಅಡಿಯಲ್ಲಿ ಬಗ್ಗಿ ನೋಡಿದರೆ ಅಲ್ಲಿಯೂ ಹೊಸ ಕರಿಯ ಬಣ್ಣ. ಬೆಲೆ ನಾಲ್ಕು ಲಕ್ಷ ಹತ್ತು ಸಾವಿರ. ನಂಬರು ಎಂಎಚ್ 08, ಎಂದರೆ ರತ್ನಾಗಿರಿಯ ದಾಖಲೆ. ಏನು ಹೊರುತ್ತಿತ್ತೆಂದು ಕೇಳಿದರೆ ಅಂಗಡಿಯಾತ, ‘ಬರೀ ಹಾಪೂಸ ಮಾವಿನ ಪೆಟ್ಟಿಗೆ’ ಎಂದ. ನಮಗೆ ಬಾಯಲ್ಲಿ ನೀರೂರಿತು. ಇನ್ನೊಬ್ಬರು ನಾಳೆಯೇ ಒಯ್ಯುತ್ತಾರೆ ಎಂದೂ ಸೇರಿಸಿದ. ಐದು ಸಾವಿರ ಮುಂಗಡ ಕೊಟ್ಟುಬಿಟ್ಟೆವು. ಅವನು ಮುಂದಿಟ್ಟ ಖಾಲಿ ಅರ್ಜಿಗಳಿಗೆ ಮಾತ್ರ ಸಹಿ ಹಾಕದೆ ಬಂದುದು ಶಿರಸಿಯಾಕೆಯ ಪುಣ್ಯ. ಕನ್ನಡಕ ಮನೆಯಲ್ಲಿ ಮರೆತೆನೆಂದು ಆಕೆ ಸುಳ್ಳು ಹೇಳಿದಳು.

ಮರುದಿನ ಮೇಸ್ತ್ರಿಗಳನ್ನು ಕರೆದುಕೊಂಡು ಹೋದೆವು. ಇವರು ಗದಗಿನವರು, ನಲವತ್ತು ವರುಷದಿಂದ ಭೋಸರಿಯಲ್ಲಿ ಮೋಟಾರು ಕೆಲಸ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರುಷ ಧ್ವನಿವರ್ಧಕ ಕೆಟ್ಟಾಗ ಎದ್ದು ಹೋಗುವವರೂ ಇವರೇ. ಅಂಗಡಿಯಾತ ಯಂತ್ರ ಚಾಲೂ ಮಾಡಲು ಹೋದರೆ ಮೇಸ್ತ್ರಿಗಳು ಬೇಡವೆಂದು, ಒಂದು ಕೊಡ ನೀರು ಕೇಳಿದರು. ನೀರನ್ನು ಹಿಂದಿನ ತೊಟ್ಟಿಯ ತುಂಬ ಸುರಿದು, ಬೀಡಿ ಹಚ್ಚಿ, ನೆರಳಿಗೆ ಹೋಗಿ ಕೂತರು. ಮಧ್ಯಾಹ್ನದ ಬಿಸಿಲು. ಹತ್ತು ನಿಮಿಷ ಕಳೆದ ಮೇಲೆ, ‘ಅಕ್ಕಾವರ, ಈಗ ಹೋಗಿ ಮೂಗ ಹಿಡದು ನೋಡ್ರಿ’ ಎಂದರು. ತೊಟ್ಟಿಯ ಬಳಿ ಹೋದವರು ಹಾಗೆಯೇ ಹಿಂದೆ ಸರಿದೆವು. ಅದು ಮೀನು. ಬಣ್ಣದ ಅಡಿಯಿಂದ, ತಗಡಿನ ಸಂದಿಯಿಂದ ಎಷ್ಟೋ ವರುಷದ ಮೀನು ಎದ್ದು ಬಂದಿತ್ತು.

‘ಈ ಗಾಡಿ ಮಾವಿನಹಣ್ಣ ಕಂಡಿಲ್ಲ. ಮೀನ ತಿಂದ ಬೆಳದೈತಿ,’ ಎಂದು ಮೇಸ್ತ್ರಿಗಳು ಚಾಸಿಯ ಮೇಲೆ ಸಣ್ಣ ಸುತ್ತಿಗೆಯಿಂದ ಕುಟ್ಟಿದರು. ಮುಂದೆ ಟಣ್ ಎಂದಿತು. ಹಿಂದೆ, ಸ್ಪ್ರಿಂಗು ಕೂಡುವ ಕಡೆ, ದಪ್ಪ ಎಂದಿತು. ಕರಿಯ ಬಣ್ಣದೊಂದಿಗೆ ಹಪ್ಪಳದಂಥ ತುಕ್ಕಿನ ಪದರ ಕಳಚಿ ಬಿತ್ತು. ಮೀನಿನ ಪೆಟ್ಟಿಗೆಯ ಬರ್ಫ ಕರಗಿ ಹರಿಯುವ ನೀರಿನಲ್ಲಿ ಉಪ್ಪು. ಅದು ದಿನದಿನವೂ ತೊಟ್ಟಿಯಿಂದ ಇಳಿದು ಚಾಸಿಯನ್ನು ತಿನ್ನುತ್ತದೆ. ಯಂತ್ರ ಕೆಟ್ಟರೆ ಕಟ್ಟಬಹುದು, ಬೆನ್ನೆಲುಬು ಕೊಳೆತರೆ ಮಾಡುವುದೇನು? ಸವಾ ಟನ್ನು ಹೇರಿಕೊಂಡು ಘಟ್ಟ ಇಳಿಯುವಾಗ ಅದು ತುಂಡಾಗಿದ್ದರೆ ಎಂಬುದನ್ನು ನಾವು ಆಮೇಲೆ ರಾತ್ರಿಯೆಲ್ಲ ಯೋಚಿಸಿದೆವು. ಐದು ಸಾವಿರ ತಿರುಗಿ ಬರಲಿಲ್ಲ. ಹೋಗಲಿ.

ಜನವರಿಯ ಎರಡನೆಯ ವಾರ ಕಳೆಯಿತು. ಸಂಕ್ರಾಂತಿಯ ಎಳ್ಳು-ಬೆಲ್ಲ ಬೀರಲು ಬಂದ ಒಬ್ಬರು ಕೊಲ್ಲಾಪುರದ ಹತ್ತಿರದ ತಮ್ಮ ಬೀಗರ ಊರಿನಲ್ಲಿ ಒಬ್ಬ ಆಲೆಮನೆಯ ಗೌಡರು ಪಿಕಪ್ಪು ಮಾರುತ್ತಾರೆಂದು ತಿಳಿಸಿದರು. 2016ರ ಬೊಲೆರೊ, ಒಂದೇ ಕೈಯದು. ಕಬ್ಬೆಲ್ಲ ಸಕ್ಕರೆ ಕಾರಖಾನೆಗೆ ಹೋಗುತ್ತಿದೆ, ಆಲೆಮನೆಗೆ ಆಳು ಸಿಗುವುದಿಲ್ಲ, ಮಗನಿಗೆ ಮನಸ್ಸಿಲ್ಲ. ಈ ಹಂಗಾಮೇ ಕೊನೆಯದು. ಹೊರುವುದು ಬೆಲ್ಲ. ‘ಬೆಲ್ಲಾ ಕಬ್ಬಿಣಾ ತಿನ್ನೂದಿಲ್ಲ, ಹೊರೂವಾಗ ಸ್ಪ್ರಿಂಗ ತಿಂತೈತಿ. ನೋಡೂನು,’ ಎಂದರು ಮೇಸ್ತ್ರಿಗಳು.

ಜನವರಿ 22, ಭಾನುವಾರ. ಬೆಳಗಿನ ಜಾವ ಸ್ವಾರಗೇಟಿನಿಂದ ಸರಕಾರಿ ಬಸ್ಸು ಹತ್ತಿದೆವು. ನಾವು ಮೂವರು, ಮೇಸ್ತ್ರಿಗಳು, ಗಾಡಿ ನಡೆಸಬೇಕಾದ ನಮ್ಮೊಬ್ಬಳ ಮಗ. ಇಡೀ ಟಿಕೇಟು ಕೊಟ್ಟೆವು. ಅದೇ ಮಾರ್ಚಿ 17ರಿಂದ ಮಹಾರಾಷ್ಟ್ರದ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೇಟು ಆಯಿತು. ಇದನ್ನು ನೆನೆದಾಗಲೆಲ್ಲ ಹಿರಿಯಕ್ಕನಿಗೆ ಈಗಲೂ ಹೊಟ್ಟೆಯುರಿ.

ಪುಣೆಯಿಂದ ಕೊಲ್ಲಾಪುರಕ್ಕೆ ಸುಮಾರು 230 ಕಿಲೋಮೀಟರು. ಊರಿಗೆ ಹೋಗುವ ದಾರಿಯೂ ಇದೇ ಆದುದರಿಂದ ನಮಗೆ ಇದರ ಒಂದೊಂದು ತಿರುವೂ ಪರಿಚಯ. ಆದರೆ ರಾತ್ರಿಯ ಬಸ್ಸಿನಲ್ಲಿ ಮಲಗಿಕೊಂಡು ಹೋಗುವವರಿಗೆ ದಾರಿ ಕಾಣುವುದೆಲ್ಲಿ? ಕಾತ್ರಜದ ಸುರಂಗ ದಾಟಿದ ಮೇಲೆ ಬೆಳಕು ಹರಿಯಿತು. ಶಿರವಳ ಕಳೆದು ಖಂಬಾಟಕಿ ಘಟ್ಟ ಬಂದಾಗ ಮೇಸ್ತ್ರಿಗಳು ಹುಡುಗನನ್ನು ಕಿಟಕಿಯ ಬದಿಗೆ ಕೂರಿಸಿ ಪಾಠ ಪ್ರಾರಂಭಿಸಿದರು. ನಾವು ಹೋದಾಗ ಸಾತಾರೆಯ ಕಡೆಗೆ ಹೋಗುವ ಗಾಡಿಗಳು ಘಟ್ಟ ಹತ್ತಿ ಇಳಿಯಬೇಕಿತ್ತು, ಪುಣೆಯ ಕಡೆಗೆ ಬರುವವು ಸುರಂಗದೊಳಗಿಂದ ಬರುತ್ತಿದ್ದವು. ಹೊತ್ತುಕೊಂಡು ಹತ್ತುವ ಲಾರಿಗಳ ಹೊಗೆಯನ್ನು ಅವರು ತೋರಿಸುತ್ತ ಹೋದರು. ಕರಿಯ ಹೊಗೆಯೆಂದರೆ ಡೀಸೆಲು ಪೂರ್ತಿ ಉರಿಯುತ್ತಿಲ್ಲ, ಅಷ್ಟು ಅಂಜಬೇಕಾಗಿಲ್ಲ. ನೀಲಿಯೆಂದರೆ ಎಣ್ಣೆಯೇ ಉರಿಯುತ್ತಿದೆ, ಪಿಸ್ಟನ್ನಿನ ಬಳೆ ಸವೆದಿದೆ, ಕೈಮುಗಿದು ಹೊರಡಬೇಕು. ಯಂತ್ರ ಕಾದ ಮೇಲೆಯೂ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಮುಂದಿನ ಆಸನದ ಮರಾಠಿ ಅಜ್ಜಿಯೊಬ್ಬರು ನಮ್ಮ ಬೆರಳು ತೋರಿಸಾಟ ನೋಡಿ, ಘಟ್ಟದಲ್ಲಿ ದೇವರಿದೆಯೇನೋ ಎಂದು ತಾವೂ ಕೈಮುಗಿದರು.

ಸಾತಾರೆಯಲ್ಲಿ ಚಹ. ಕರಾಡದಲ್ಲಿ ಕೃಷ್ಣೆ ಕೊಯನೆಯರು ಎದುರೆದುರು ಬಂದು ಕೂಡುವುದು ಹೆದ್ದಾರಿಗೆ ಕಾಣುವುದಿಲ್ಲ; ನದಿಯ ಹೆಸರು ಹೇಳಿ ತೃಪ್ತರಾದೆವು. ಅಲ್ಲಿಂದ ಮುಂದೆ ಎರಡೂ ಕಡೆ ಕಬ್ಬು, ಕಬ್ಬು ಹೇರಿದ ಟ್ರ್ಯಾಕ್ಟರು, ರಸ್ತೆಯ ಮೇಲೆ ಬಿದ್ದ ಕಬ್ಬು. ಕೊಲ್ಲಾಪುರಕ್ಕೆ ಬಂದಾಗ ಹತ್ತೂವರೆ.

ಹಳ್ಳಿ ಪಂಚಗಂಗೆಯ ದಂಡೆಯ ಮೇಲೆ. ಗೌಡರು ಮರಾಠಿ ಮಾತಿನವರು; ತಾಯಿಯ ತವರು ಚಿಕ್ಕೋಡಿಯ ಕಡೆಯಾದುದರಿಂದ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಈ ಸೀಮೆಯಲ್ಲಿ ಇದು ಹೊಸತಲ್ಲ. ಕೊಲ್ಲಾಪುರದ ಶಿಲಾಹಾರ ಅರಸರು ತಮ್ಮ ದಾನಗಳನ್ನು ಕಲ್ಲಿನಲ್ಲಿ ಕನ್ನಡದಲ್ಲಿಯೂ ಬರೆಯಿಸಿದವರು. ಗಾಡಿ ಅಂಗಳದಲ್ಲಿ ನಿಂತಿತ್ತು. ಬಳಿದಿರಲಿಲ್ಲ, ತೊಳೆದೂ ಇರಲಿಲ್ಲ. ಮೇಸ್ತ್ರಿಗಳು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ‘ಬಿಸಿ ಐತಿ. ಎರಡ ತಾಸ ಬಿಡ್ರಿ’ ಎಂದರು. ತಣ್ಣಗಿನ ಯಂತ್ರ ಹೇಗೆ ಏಳುತ್ತದೆ ಎಂಬುದೇ ಮೊದಲ ಪರೀಕ್ಷೆ; ಕಾದ ಯಂತ್ರ ಎಲ್ಲ ರೋಗವನ್ನೂ ಮುಚ್ಚಿಡುತ್ತದೆ. ಬೆಳಿಗ್ಗೆ ಗದ್ದೆಯಿಂದ ಮೇವು ತಂದೆನೆಂದು ಗೌಡರು ನಾಚಿಕೊಂಡರು.

ಆ ಎರಡು ತಾಸು ನಮಗೆ ಲಾಭವೇ ಆಯಿತು. ಆಲೆಮನೆ ಉರಿಯುತ್ತಿತ್ತು. ಬಂಡಿಯ ಚಕ್ರಕ್ಕಿಂತ ಅಗಲವಾದ ಕೊಪ್ಪರಿಗೆ, ಕೆಳಗೆ ಕಬ್ಬಿನ ಸಿಪ್ಪೆಯೇ ಉರುವಲು. ಕಾಡುಬೆಂಡೆಯ ಕಾಂಡ ಜಜ್ಜಿ ತೆಗೆದ ಲೋಳೆಯನ್ನು ಕುದಿಯುವ ಹಾಲಿಗೆ ಬಿಟ್ಟರು. ಕಶ್ಮಲವೆಲ್ಲ ನೊರೆಯಾಗಿ ಮೇಲೆ ಬಂದುದನ್ನು ಒಬ್ಬ ಮುದುಕ ಜಾಲರಿಯಿಂದ ಎತ್ತುತ್ತಲೇ ಇದ್ದ. ಪಾಕ ಬಂದುದನ್ನು ಆತ ನೀರಿನಲ್ಲಿ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉರುಟಿ, ಕಲ್ಲಿಗೆ ಹೊಡೆದು ಸದ್ದು ಕೇಳಿ ತಿಳಿದುಕೊಳ್ಳುತ್ತಾನೆ. ಮೇಸ್ತ್ರಿಗಳೂ ಮುದುಕನೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಹದವಾದ ಪಾಕ ತೊಟ್ಟಿಗೆ ಇಳಿದು, ಬಟ್ಟೆ ಹಾಸಿದ ಅಚ್ಚುಗಳಿಗೆ ಹೋಯಿತು. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಕೊಟ್ಟರು. ರೊಟ್ಟಿ ನಮ್ಮ ಬುತ್ತಿಯಲ್ಲಿತ್ತು. ಆ ಊಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಒಂದು ಗಂಟೆಗೆ ಪರೀಕ್ಷೆ. ಮೊದಲ ತಿರುವಿಗೆ ಯಂತ್ರ ಎದ್ದಿತು. ಒಂದು ಗುಕ್ಕು ಕರಿಯ ಹೊಗೆ, ಆಮೇಲೆ ಶುಭ್ರ. ನಡೆಯುತ್ತಿರುವಾಗಲೇ ಎಣ್ಣೆಯ ಮುಚ್ಚಳ ತಿರುವಿ ತೆಗೆದು, ಅದನ್ನು ಬಾಯಿಯ ಮೇಲೆ ಬೋರಲಾಗಿ ಇಟ್ಟರು. ಒಳಗಿನ ಗಾಳಿ ಜೋರಾಗಿದ್ದರೆ ಅದು ಕುಣಿದು ಬೀಳಬೇಕು. ಇದು ಸ್ವಲ್ಪ ನಡುಗಿ ಸುಮ್ಮನಾಯಿತು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಹಚ್ಚಿ, ವೈದ್ಯರು ಎದೆ ನೋಡುವಂತೆ ಉದ್ದಕ್ಕೂ ಕೇಳಿದರು. ಮೀಟರು 1,38,000 ಕಿಲೋಮೀಟರು ತೋರಿಸುತ್ತಿತ್ತು. ಅದರ ಕಡೆ ನೋಡಲೇ ಇಲ್ಲ, ಕ್ಲಚ್ಚಿನ ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ನೋಡಿದರು. ಟೈರಿನ ಪಕ್ಕೆಯ ನಾಲ್ಕು ಅಂಕೆಗಳನ್ನು ನಮಗೆ ಓದಿಸಿದರು. 3419 ಎಂದರೆ 2019ನೆಯ ಇಸವಿಯ 34ನೆಯ ವಾರ ತಯಾರಾದುದು. ಮುಂದಿನ ಎಡಗಡೆಯದು ಒಳಮಗ್ಗುಲಲ್ಲಿ ಮಾತ್ರ ಸವೆದಿತ್ತು. ಹಿಂದಿನ ಎಡ ಸ್ಪ್ರಿಂಗಿನಲ್ಲಿ ಒಂದು ಪಟ್ಟಿ ಹೊಸದು, ಉಳಿದವು ಬೆನ್ನು ಬಗ್ಗಿಸಿದ್ದವು. ಬೆಲ್ಲ ತಿಂದಿತ್ತು, ನಿಜ. ಕೊನೆಗೆ ಚಾಸಿಯ ಮೇಲೆ ಒತ್ತಿದ ನಂಬರಿನ ಮೇಲೆ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ನಂಬರಿಗೆ ಒಂದೊಂದೇ ಅಕ್ಷರ ತಾಳೆ ನೋಡಿದೆವು. ಕೊಡ ನೀರು ಸುರಿಯುವುದನ್ನೂ ಮರೆಯಲಿಲ್ಲ. ಬಂದುದು ಬೆಲ್ಲದ ವಾಸನೆ.

‘ಹೇರಿ ಹತ್ತಿಸಿ ನೋಡಬೇಕು,’ ಎಂದರು ಮೇಸ್ತ್ರಿಗಳು. ಖಾಲಿ ಗಾಡಿ ಎಲ್ಲರ ಮಾತನ್ನೂ ಕೇಳುತ್ತದೆಯಂತೆ. ಪೇಟೆಗೆ ಹೋಗಬೇಕಾದ ಒಂದು ಟನ್ನು ಬೆಲ್ಲದ ಪೆಂಟೆಗಳು ಸಿದ್ಧವಾಗಿದ್ದವು. ಗೌಡರು ಒಂದು ಕ್ಷಣ ಯೋಚಿಸಿ, ಭಾನುವಾರ ಜ್ಯೋತಿಬಾನ ವಾರ, ಗುಡ್ಡಕ್ಕೆ ಹೋಗಿ ಬನ್ನಿ ಎಂದರು. ಜ್ಯೋತಿಬಾ ಕೊಲ್ಲಾಪುರದ ವಾಯವ್ಯಕ್ಕೆ, ಎತ್ತರದ ಗುಡ್ಡದ ಮೇಲೆ. ಬೆಳಗಾವಿಯ ಕಡೆಯ ಎಷ್ಟೋ ಕನ್ನಡ ಮನೆಗಳಿಗೂ ಕುಲದೇವರು. ಮುಂದೆ ಕೂರಲು ಮೂವರಿಗೇ ಜಾಗ. ಹುಡುಗ, ಮೇಸ್ತ್ರಿಗಳು, ಹಿರಿಯಕ್ಕ ಹೋದರು. ಆದುದರಿಂದ ಈ ಭಾಗ ಹಿರಿಯಕ್ಕನ ಬಾಯಿಂದ ಕೇಳಿದುದು. ಆಕೆ ಹೇಳಿದಷ್ಟು ಸಲವೂ ಗುಡ್ಡ ಸ್ವಲ್ಪ ಎತ್ತರವಾಗುತ್ತಿದೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಕೇರ್ಲಿ ಬಿಟ್ಟ ಮೇಲೆ ಏರು ಪ್ರಾರಂಭವಾಯಿತು. ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸುವಾಗ ಒಂದು ಗೊರಕೆ ಕೇಳಿಸಿತು. ಎಲ್ಲಕ್ಕಿಂತ ಕಡಿದಾದ ತಿರುವಿನಲ್ಲಿ ಮೇಸ್ತ್ರಿಗಳು ಗಾಡಿ ನಿಲ್ಲಿಸೆಂದರು. ಹಿಂದೆ ಒಂದು ಟನ್ನು ಬೆಲ್ಲ, ಪಕ್ಕದಲ್ಲಿ ಕಣಿವೆ. ಹಿರಿಯಕ್ಕ ಮಡಿಲಲ್ಲಿ ತೆಂಗಿನಕಾಯಿ ಹಿಡಿದು ಕೂತಿದ್ದಳು. ಕೈಬ್ರೇಕು ಎಳೆದು, ಕಾಲು ತೆಗೆದು, ಗಾಡಿ ನಿಲ್ಲುತ್ತದೆಯೋ ನೋಡಬೇಕು. ಆಮೇಲೆ ಅಲ್ಲಿಂದಲೇ ಮೇಲಕ್ಕೆ ಎತ್ತಬೇಕು. ನಿಂತಿತು. ಎತ್ತುವಾಗ ಒಂದು ಗೇಣು ಹಿಂದಕ್ಕೆ ಜಾರಿತು. ‘ಆ ಒಂದು ಗೇಣಿನಲ್ಲಿ ಅವರ ಮುಖ, ಮಗಳ ಮುಖ, ಪಾಸಬುಕ್ಕು ಎಲ್ಲಾ ಕಣ್ಣ ಮುಂದ ಬಂತು,’ ಎನ್ನುತ್ತಾಳೆ. ಸುಟ್ಟ ವಾಸನೆ ಬಂದಿತು, ಕ್ಲಚ್ಚಿನ ತಟ್ಟೆ ಸವೆದಿತ್ತು. ಆದರೆ ಗಾಡಿ ಎದ್ದಿತು. ಕಾವಿನ ಮುಳ್ಳು ಅರ್ಧದ ಆಚೆ ಹೋಗಲಿಲ್ಲ. ಮೇಲೆ ‘ಚಾಂಗಭಲಂ’ ಎಂಬ ಕೂಗು, ಎಲ್ಲೆಲ್ಲೂ ಗುಲಾಲು. ಮೂವರೂ ಗುಲಾಬಿ ಬಣ್ಣದ ಮುಖದಿಂದ ಇಳಿದು ಬಂದಾಗ ನಮಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಗೌಡರು ಕೇಳಿದುದು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ. ಕ್ಲಚ್ಚು, ಎರಡು ಟೈರು, ಸ್ಪ್ರಿಂಗಿನ ಪಟ್ಟಿಗಳು ಎಲ್ಲ ಸೇರಿ 28,000 ಖರ್ಚೆಂದು ಮೇಸ್ತ್ರಿಗಳು ಕಾಗದದ ಮೇಲೆ ಬರೆದು ತೋರಿಸಿದರು. ಎರಡು ತಾಸಿನ ಚೌಕಾಶಿ. ಅದರಲ್ಲಿ ಹೆಚ್ಚಿನ ಭಾಗ ಗೌಡರು ಹುಡುಗನ ಕಡೆ ನೋಡಿಯೇ ಮಾತಾಡಿದರು. ಹಣ ಈ ಹೆಂಗಸರದೆಂದು ಹುಡುಗ ನಾಲ್ಕು ಸಲ ಹೇಳಿದ. ನಾಲ್ಕು ಲಕ್ಷ ಹದಿನೈದಕ್ಕೆ ನಿಂತಿತು.

ಆರ್‌ಸಿಯಲ್ಲಿ ಸಾಲ ಕೊಟ್ಟ ಕಂಪನಿಯ ಹೆಸರು ಇನ್ನೂ ಇತ್ತು. ಬಾಕಿ 72,000. ಇದು ಗೊತ್ತಿಲ್ಲದೆ ಹಣ ಕೊಟ್ಟವರ ಗಾಡಿಯನ್ನು ಸಾಲದವರು ನಡುರಸ್ತೆಯಲ್ಲಿ ಹಿಡಿದುಕೊಂಡು ಹೋದ ಕಥೆಗಳನ್ನು ನಮ್ಮ ಓಣಿಯಲ್ಲಿಯೇ ಕೇಳಿದ್ದೆವು. ಭಾನುವಾರ ಕಚೇರಿ ಮುಚ್ಚಿದ್ದುದರಿಂದ ಕೊಲ್ಲಾಪುರದಲ್ಲಿಯೇ ಉಳಿದೆವು. ಸಂಜೆ ಮಹಾಲಕ್ಷ್ಮಿಯ ದರ್ಶನವಾಯಿತು. ವರುಷದಲ್ಲಿ ಎರಡು ಸಲ, ಜನವರಿಯ ಕೊನೆಯಲ್ಲೂ ನವೆಂಬರಿನಲ್ಲೂ, ಮುಳುಗುವ ಸೂರ್ಯನ ಕಿರಣ ಗರ್ಭಗುಡಿಯೊಳಗೆ ಹೋಗಿ ದೇವಿಯನ್ನು ಮುಟ್ಟುತ್ತದೆ. ನಾವು ಒಂಬತ್ತು ದಿನ ಮೊದಲು ಹೋಗಿದ್ದೆವು.

ಸೋಮವಾರ ಬೆಳಿಗ್ಗೆ ಮೇಸ್ತ್ರಿಗಳು ಸ್ಪ್ರಿಂಗಿನ ಪಟ್ಟಿ ತರಲು ನಮ್ಮನ್ನು ಶಿವಾಜಿ ಉದ್ಯಮನಗರಕ್ಕೆ ಎಳೆದುಕೊಂಡು ಹೋದರು. ಯೌವನದಲ್ಲಿ ಎರಡು ವರುಷ ಅವರು ಕೆಲಸ ಕಲಿತುದು ಇಲ್ಲಿಯೇ. ಸಣ್ಣ ಸಣ್ಣ ಮಳಿಗೆ, ಒಳಗೆ ಲೇತು, ಬಾಗಿಲಲ್ಲಿ ಬಿಚ್ಚಿದ ಯಂತ್ರ. ಒಂದು ಕಡೆ ಸಿಲಿಂಡರು ಕೊರೆಯುವವರು, ಪಕ್ಕದಲ್ಲಿ ಕ್ರ್ಯಾಂಕು ತೀಡುವವರು. ಕೃಷ್ಣಾ-ಪಂಚಗಂಗೆಯರ ಈ ಸೀಮೆಗೆ ಯಂತ್ರದ ಹುಚ್ಚು ಹಿಡಿದುದರಲ್ಲಿ ನಮ್ಮ ಬೆಳಗಾವಿಯ ಕೈಯೂ ಇದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಬೈಸಿಕಲ್ಲಿನ ಅಂಗಡಿಯಿಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧದ ಅರಸರು ಕೊಟ್ಟ ಬರಡು ನೆಲದ ಮೇಲೆ ಕಿರ್ಲೋಸ್ಕರವಾಡಿ ಕಟ್ಟಿದರು. ಮೇಸ್ತ್ರಿಗಳು ಇದನ್ನು ತಮ್ಮ ಸ್ವಂತ ಮಾವನ ಕಥೆಯಂತೆ ಹೇಳಿದರು.

ಹತ್ತಕ್ಕೆ ಸಾಲದ ಕಚೇರಿ. 72,000 ರೂಪಾಯಿಯನ್ನು ಗೌಡರ ಕೈಗೆ ಕೊಡದೆ ಅವರ ಎದುರಿನಲ್ಲಿಯೇ ಸಾಲದ ಖಾತೆಗೆ ಕಟ್ಟಿ ರಸೀದಿ ಪಡೆದೆವು. ಆದರೆ ಸಾಲ ತೀರಿದ ಪತ್ರವೂ, ಆರ್‌ಸಿಯಿಂದ ಅವರ ಹೆಸರು ತೆಗೆಸುವ 35ನೆಯ ನಮೂನೆಯೂ ಹತ್ತು ದಿನದ ಮೇಲೆ ಬರುತ್ತವೆ ಎಂದರು. ಗಾಡಿ ಫೆಬ್ರುವರಿ 1ಕ್ಕೆ ಬೇಕು. ಏನು ಮಾಡುವುದು? ಗೌಡರೂ ನಾವೂ ಕಚೇರಿಯ ಮೆಟ್ಟಿಲ ಮೇಲೆ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಪತ್ರ ಬರುವವರೆಗೆ 25,000 ನಮ್ಮಲ್ಲಿ ಇರುವುದು, ಗಾಡಿಯ ಎರಡನೆಯ ಕೀಲಿಕೈ ಅವರಲ್ಲಿ ಇರುವುದು. ಉಳಿದ 3,18,000 ಬ್ಯಾಂಕಿನ ಮೂಲಕ. ಮಾರುವವರು ಕೊಡುವ 29ನೆಯ ನಮೂನೆ, ಕೊಳ್ಳುವವರ 30ನೆಯ ನಮೂನೆ ಎರಡನ್ನೂ ತಾರೀಖು ಹಾಕಿ, ಪೂರ್ತಿ ತುಂಬಿದ ಮೇಲೆಯೇ ಸಹಿ. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಕಾಯಿದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನ. ನಮ್ಮ ಗಾಡಿಯ ಒಟ್ಟು ತೂಕ 3,000 ಕಿಲೋದ ಒಳಗೆ ಇದ್ದುದರಿಂದ ಪರವಾನೆಯ ತಾಪತ್ರಯ ಇರಲಿಲ್ಲ. ಹಳದಿ ಫಲಕದ ಗಾಡಿ ನಡೆಸಲು ಹುಡುಗನ ಸಾದಾ ಲಘು ವಾಹನದ ಲೈಸೆನ್ಸು ಸಾಕೇ ಎಂಬ ಅಂಜಿಕೆಯಿತ್ತು. ಸಾಕೆಂದು ಸುಪ್ರೀಂ ಕೋರ್ಟು 2017ರಲ್ಲಿಯೇ ಹೇಳಿತ್ತು. 7,500 ಕಿಲೋದವರೆಗೆ ಸಾಕೆಂದು 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನೇ ಎತ್ತಿಹಿಡಿಯಿತು.

30ನೆಯ ನಮೂನೆಯಲ್ಲಿ ಕೊಳ್ಳುವವರ ಹೆಸರು ಬರೆಯುವ ಕಡೆ ಲೇಖಣಿ ನಿಂತಿತು. ಏಳು ಹೆಸರಿಗೆ ಅಲ್ಲಿ ಜಾಗವಿಲ್ಲ. ಈ ಮಾತನ್ನು ನಾವು ಮನೆಯಲ್ಲಿಯೇ ತೀರಿಸಿಕೊಂಡು ಬರಬೇಕಾಗಿತ್ತು, ನಾಚಿಕೆಯಿಂದ ತೀರಿಸಿರಲಿಲ್ಲ. ಚಿಂಚವಾಡಕ್ಕೆ ಫೋನು ಹಚ್ಚಿದೆವು. ಆ ಕಡೆಯ ನಾಲ್ವರು ಹಿಟ್ಟಿನ ಕೈಯಲ್ಲೇ ಬಂದು ಕೂತರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶಿರಸಿಯಾಕೆ, ‘ಹೆಚ್ಚು ಹಣ ಯಾರದೋ ಅವರದೇ ಹೆಸರು, ಪಾಲು ಎಲ್ಲರದು, ಅದನ್ನು ಸ್ಟಾಂಪಿನ ಕಾಗದದ ಮೇಲೆ ಬರೆಯೋಣ’ ಎಂದಳು. ಹಿರಿಯಕ್ಕ ಬೇಡವೆಂದಳು. ಅವರ ಗಂಡನ ಹೆಸರಿನಲ್ಲಿ ಸ್ಕೂಟರಿತ್ತು, ಮಾವನ ಹೆಸರಿನಲ್ಲಿ ಮನೆಯಿತ್ತು. ತನ್ನ ಹೆಸರಿನಲ್ಲಿ ರೇಶನ್ ಕಾರ್ಡಿನ ಹೊರತು ಏನೂ ಇರಲಿಲ್ಲ, ಈಗ ಮೋಟಾರು ಬಂದರೆ ತಮ್ಮ ಏನೆಂದಾನು ಎಂದಳು. ತಮ್ಮನನ್ನು ಏಳು ಜನವೂ ಸೇರಿ ಬೈದೆವು, ಆಕೆಯೂ ಸೇರಿದಳು. ಸಹಿ ಆಯಿತು.

ಗಾಡಿಯಲ್ಲಿ ಮೂವರು, ಬಸ್ಸಿನಲ್ಲಿ ಇಬ್ಬರು ಹೊರಟೆವು. ಬಸ್ಸಿನವರು ಒಂಬತ್ತಕ್ಕೆ ಮನೆ ಮುಟ್ಟಿದೆವು. ಗಾಡಿಯಿಲ್ಲ. ಹತ್ತು, ಹನ್ನೊಂದು, ಫೋನು ಹತ್ತುವುದಿಲ್ಲ. ಮೀನಿನ ಗಾಡಿಯ ಚಾಸಿ ಕಣ್ಣ ಮುಂದೆ ಬಂದಿತು. ಇದರ ಚಾಸಿ ಗಟ್ಟಿಯೆಂದು ಗೊತ್ತಿದ್ದರೂ ಬಂದಿತು. ಹನ್ನೆರಡೂವರೆಗೆ ಓಣಿಯ ತಿರುವಿನಲ್ಲಿ ದೀಪ ಕಂಡಿತು. ಉಂಬ್ರಜದ ಬಳಿ ಟೈರು ಪಂಕ್ಚರು. ಬೇರೆ ಗಾಲಿ ಇತ್ತು, ಎತ್ತುವ ಜ್ಯಾಕು ಇರಲಿಲ್ಲ. ಎಲ್ಲವನ್ನೂ ನೋಡಿದ ಮೇಸ್ತ್ರಿಗಳು ಆಸನದ ಅಡಿಯಲ್ಲಿ ಜ್ಯಾಕು ಇದೆಯೇ ಎಂದು ನೋಡಲು ಮರೆತಿದ್ದರು. ಈ ಸಂಗತಿಯನ್ನು ಬರೆಯಬಾರದೆಂದು ಅವರು ಕೇಳಿಕೊಂಡಿದ್ದಾರೆ.

ಹನ್ನೊಂದನೆಯ ದಿನ ಸಾಲದ ಪತ್ರ ಬಂದಿತು. 25,000 ಕಳಿಸಿದೆವು. ಎರಡನೆಯ ಕೀಲಿಕೈ ಬಸ್ಸಿನ ಪಾರ್ಸಲಿನಲ್ಲಿ ಬಂದಿತು, ಐದು ಕಿಲೋದ ಒಂದು ಬೆಲ್ಲದ ಪೆಂಟೆಗೆ ದಾರದಿಂದ ಕಟ್ಟಿಕೊಂಡು. ಫೆಬ್ರುವರಿ 1ರಿಂದ ಕ್ಯಾಂಟೀನಿನ ಬಾಗಿಲಿಗೆ ಗಾಡಿ ಹತ್ತೂಮುಕ್ಕಾಲಿಗೆ ನಿಲ್ಲುತ್ತಿದೆ. ಮಾರ್ಚಿಯಲ್ಲಿ ಮಂಗಳವೇಢೆಯಿಂದ 24 ಚೀಲ ಮಾಲದಂಡಿ ಜೋಳ ತಂದಾಗ, ಇಳಿಸುವ ಮೊದಲು ನಾವೆಲ್ಲ ಬಗ್ಗಿ ಸ್ಪ್ರಿಂಗು ನೋಡಿದೆವು.

ಜೂನಿನಲ್ಲಿ ಮೊದಲ ಮಳೆ ಬಂದ ದಿನ ತಾಡಪತ್ರಿ ಹಾಕಿರಲಿಲ್ಲ. ತೊಟ್ಟಿಯ ತುಂಬ ನೀರು ನಿಂತಿತು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಅಂಗಳವೆಲ್ಲ ಆಲೆಮನೆಯಂತೆ ನಾರತೊಡಗಿತು. ಮರುದಿನ ಬೆಳಿಗ್ಗೆ ಹಿರಿಯಕ್ಕ ಬಾಗಿಲು ತೆರೆದು ನೋಡುತ್ತಾಳೆ: ಕಂಪೌಂಡಿನ ಗೋಡೆಯಿಂದ ಇಳಿದು, ಹಿಂದಿನ ಗಾಲಿಯ ಮೇಲೆ ಹತ್ತಿ, ಆಕೆಯ ಗಾಡಿಯೊಳಗೆ ಇರುವೆಗಳು ಸಾಲುಗಟ್ಟಿ ಹೋಗುತ್ತಿದ್ದವು.